ಪಾಳುಬಿದ್ದ ರಂಗಮಂದಿರದ ಜೀರ್ಣೋದ್ಧಾರ: ನಕ್ಷೆಗೂ ಮೊದಲು ನಡೆಯಬೇಕಾದ ಪರೀಕ್ಷೆ

1903ರ ಡಿಸೆಂಬರ್ 30ರಂದು ಷಿಕಾಗೊದ ಇರೋಕ್ವಾ ರಂಗಮಂದಿರದಲ್ಲಿ ಮಧ್ಯಾಹ್ನದ ಪ್ರದರ್ಶನ ನಡೆಯುತ್ತಿದ್ದಾಗ ಹೊತ್ತಿಕೊಂಡ ಬೆಂಕಿ 600ಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು. ವೇದಿಕೆಯ ಬೆಂಕಿ ಪ್ರೇಕ್ಷಕರತ್ತ ನುಗ್ಗದಂತೆ ತಡೆಯಬೇಕಿದ್ದ ಪರದೆ ಪೂರ್ತಿ ಕೆಳಗಿಳಿಯದೆ ನಡುವೆಯೇ ಸಿಕ್ಕಿಕೊಂಡಿತ್ತು. ಆ ದುರಂತದ ನಂತರ ಅಗ್ನಿನಿರೋಧಕ ಪರದೆಯ ನಿಯಮಗಳು ಬಿಗಿಯಾದವು, ಮತ್ತು ಆ ಕಾಲದಲ್ಲಿ ಅಂಥ ಪರದೆಗೆ ಎಲ್ಲರೂ ನಂಬಿದ್ದ ವಸ್ತು ನೇಯ್ದ ಆಸ್ಬೆಸ್ಟಾಸ್ (ಕಲ್ನಾರು) ಬಟ್ಟೆ. ಪರದೆಯ ಮೇಲೆ ‘ಆಸ್ಬೆಸ್ಟಾಸ್’ ಎಂದು ದೊಡ್ಡಕ್ಷರಗಳಲ್ಲಿ ಬರೆಸಿ, ಬಂದವರಿಗೆ ಧೈರ್ಯ ತುಂಬುತ್ತಿದ್ದ ಮಂದಿರಗಳೂ ಇದ್ದವು. ಜನರ ಜೀವ ಉಳಿಸಲೆಂದು ಕಾನೂನೇ ಒತ್ತಾಯಿಸಿ ತರಿಸಿದ ಆ ಕಲ್ನಾರು ಇಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿನಲ್ಲಿದೆ.

ದಶಕಗಳ ಕಾಲ ಬೀಗ ಹಾಕಿಕೊಂಡಿದ್ದ ಹಳೆಯ ರಂಗಮಂದಿರಗಳನ್ನು, ಚಿತ್ರಮಂದಿರಗಳನ್ನು ಮತ್ತೆ ತೆರೆಯುವ ಉತ್ಸಾಹ ಹಲವು ದೇಶಗಳ ನಗರಗಳಲ್ಲಿ ಕಾಣುತ್ತಿದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1929ರಲ್ಲಿ ತೆರೆದು 1977ರಲ್ಲಿ ಮುಚ್ಚಿದ್ದ ಕಿಂಗ್ಸ್ ಥಿಯೇಟರ್ 2015ರಲ್ಲಿ ಮತ್ತೆ ಬಾಗಿಲು ತೆರೆಯಿತು. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನ ರಂಗಮಂದಿರ 80ಕ್ಕೂ ಹೆಚ್ಚು ವರ್ಷ ಸಾರ್ವಜನಿಕರಿಗೆ ಮುಚ್ಚಿದ್ದು 2018ರ ಕೊನೆಯಲ್ಲಿ ಪ್ರದರ್ಶನಕ್ಕೆ ಸಜ್ಜಾಯಿತು. ಇಂಥ ಯಶಸ್ಸುಗಳನ್ನು ನೋಡಿ ಮುಂದೆ ಬರುವ ಹೊಸ ತಂಡಗಳು ಸಾಮಾನ್ಯವಾಗಿ ಹಿಡಿಯುವ ದಾರಿಯೆಂದರೆ, ಮೊದಲು ವಾಸ್ತುಶಿಲ್ಪಿಯಿಂದ ನಕ್ಷೆ ಮಾಡಿಸುವುದು, ಆಮೇಲೆ ಹಣ ಸಂಗ್ರಹ ಆರಂಭಿಸುವುದು, ಅದಾದ ಮೇಲೆ ಕಟ್ಟಡದಲ್ಲಿ ಅಪಾಯಕಾರಿ ವಸ್ತುಗಳೇನಿವೆ ಎಂದು ನೋಡಿಸುವುದು. ಈ ಕ್ರಮ ತಲೆಕೆಳಗಾದದ್ದು ಎಂಬುದು ಈ ಲೇಖನದ ವಾದ. ಕಚೇರಿ ಕಟ್ಟಡವೊಂದರಲ್ಲಿ ವಿಷವಸ್ತುವನ್ನು ಕಿತ್ತೆಸೆದು ಹೊಸದನ್ನು ಕೂರಿಸಿದರೆ ಯಾರೂ ಮರುಗುವುದಿಲ್ಲ. ಐತಿಹಾಸಿಕ ರಂಗಮಂದಿರದಲ್ಲಾದರೋ ಉಳಿಸಬೇಕೆಂದು ಹೊರಟ ಗಾರೆಯ ಕುಸುರಿ, ಬಣ್ಣದ ಚಿತ್ತಾರ, ಚಿತ್ರ ಬರೆದ ಪರದೆ ಇವೇ ಎಷ್ಟೋ ಸಲ ಅಪಾಯಕಾರಿ ವಸ್ತುಗಳೂ ಆಗಿರುತ್ತವೆ. ಆದ್ದರಿಂದ ಏನನ್ನು ತೆಗೆಯಬೇಕು ಎಂಬ ಪ್ರಶ್ನೆಗೂ ಏನನ್ನು ಉಳಿಸಬೇಕು ಎಂಬ ಪ್ರಶ್ನೆಗೂ ಉತ್ತರ ಒಟ್ಟಿಗೇ ಸಿಗಬೇಕಾಗುತ್ತದೆ.

ಕಟ್ಟಡದ ಯಾವ ಭಾಗದಲ್ಲಿ ಏನು

ಅಗ್ನಿ ಪರದೆಯಿಂದಲೇ ಆರಂಭಿಸೋಣ. ಹಳೆಯ ಪರದೆ ಎಂದರೆ ಸಾಮಾನ್ಯವಾಗಿ ತಂತಿಯ ಎಳೆ ಸೇರಿಸಿ ನೇಯ್ದ ಆಸ್ಬೆಸ್ಟಾಸ್ ಬಟ್ಟೆ. ಅದರ ಮುಖಕ್ಕೆ ಬಣ್ಣ ಬಳಿದು, ಕೆಲವೆಡೆ ಭೂದೃಶ್ಯವನ್ನೋ ಆ ಕಾಲದ ವರ್ತಕರ ಜಾಹೀರಾತುಗಳನ್ನೋ ಬರೆದಿರುತ್ತಾರೆ. ಮುಂಭಾಗಕ್ಕೆ ಬಣ್ಣದ ಲೇಪ ಇರುವುದರಿಂದ ಎಳೆಗಳು ಸುಲಭವಾಗಿ ಕಳಚುವುದಿಲ್ಲ, ಆದರೆ ಹಿಂಭಾಗ ಬಹುಮಟ್ಟಿಗೆ ಬರಿಯ ಬಟ್ಟೆಯೇ. ಪರದೆಯ ಎರಡೂ ಅಂಚುಗಳು ವೇದಿಕೆಗೂ ಪ್ರೇಕ್ಷಾಂಗಣಕ್ಕೂ ನಡುವಿನ ಪ್ರೊಸೀನಿಯಂ ಕಮಾನಿನ ಪಕ್ಕದ ಗೋಡೆಗೆ ಬಡಿದ ಉಕ್ಕಿನ ತೋಡುಗಳೊಳಗೆ ಜಾರುತ್ತವೆ. ಹೊಗೆ ಈಚೆಗೆ ನುಸುಳದಿರಲೆಂದು ಮಾಡಿದ ವ್ಯವಸ್ಥೆ ಇದು. ಪರದೆಯನ್ನು ಏರಿಸಿ ಇಳಿಸಿದಾಗಲೆಲ್ಲ ಅಂಚು ಉಕ್ಕಿಗೆ ತಿಕ್ಕಿ ಉದುರಿದ ಎಳೆಗಳು ಆ ತೋಡುಗಳ ತಳದಲ್ಲಿ, ವೇದಿಕೆಯ ಹಲಗೆಗಳ ಸಂದಿಯಲ್ಲಿ, ಪರದೆಯ ತೂಕ ಸರಿದೂಗಿಸುವ ಪ್ರತಿಭಾರದ ಗುಂಡಿಗಳಲ್ಲಿ ಬೂದು ಬಣ್ಣದ ನಯವಾದ ಧೂಳಾಗಿ ಸೇರಿಕೊಂಡಿರುತ್ತವೆ. ಸಮೀಕ್ಷೆಗೆ ಬಂದವರು ಪರದೆಯಿಂದ ಒಂದು ಚೂರು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿ, ತೋಡಿನ ತಳದ ಧೂಳನ್ನು ಮರೆತರೆ ಅರ್ಧ ಕೆಲಸವಷ್ಟೇ ಆದಂತೆ. ಪರದೆ ಇನ್ನೂ ಚಲಿಸುತ್ತದೆಯೇ ಎಂದು ಪರೀಕ್ಷಿಸುವ ಕುತೂಹಲ ಎಲ್ಲರಿಗೂ ಇರುತ್ತದೆ. ಆ ಹಗ್ಗವನ್ನು ಯಾರೂ ಮುಟ್ಟದಂತೆ ಮೊದಲ ದಿನವೇ ಕಟ್ಟಿಹಾಕುವುದು ಕ್ಷೇಮ.

ಪ್ರೇಕ್ಷಾಂಗಣದ ಚಾವಣಿಯದು ಬೇರೆಯದೇ ಕಥೆ. ಕೆಳಗೆ ಕುಳಿತವರಿಗೆ ಕಲ್ಲಿನಂತೆ ಕಾಣುವ ಗುಮ್ಮಟ, ಹೂಬಳ್ಳಿ, ದೇವತೆಗಳ ಮುಖ ಎಲ್ಲವೂ ವಾಸ್ತವದಲ್ಲಿ ತೆಳುವಾದ ಗಾರೆಯ ಎರಕಗಳು; ಗೋಣಿಬಟ್ಟೆಯನ್ನು ಗಾರೆಯಲ್ಲಿ ಅದ್ದಿ ಮಾಡಿದ ಕಟ್ಟುಗಳಿಂದ ಅಥವಾ ತಂತಿಗಳಿಂದ ಮೇಲಿನ ಮರಕ್ಕೋ ಉಕ್ಕಿಗೋ ಅವನ್ನು ತೂಗುಹಾಕಿರುತ್ತಾರೆ. 2013ರ ಡಿಸೆಂಬರ್ 19ರಂದು ಲಂಡನ್ನಿನ ಅಪೋಲೊ ರಂಗಮಂದಿರದಲ್ಲಿ ಪ್ರದರ್ಶನ ನಡೆಯುತ್ತಿರುವಾಗಲೇ ಚಾವಣಿಯ ಭಾಗ ಕುಸಿದು ಹಲವಾರು ಜನ ಗಾಯಗೊಂಡರು. ವರ್ಷಗಟ್ಟಲೆ ಸೋರಿದ ನೀರಿನಿಂದ ಈ ಗೋಣಿಕಟ್ಟುಗಳು ಬಲಗುಂದಿದ್ದೇ ಕಾರಣವೆಂದು ಆಮೇಲೆ ತಿಳಿದುಬಂತು. ಅದು ನಿತ್ಯ ಪ್ರದರ್ಶನ ನಡೆಯುತ್ತಿದ್ದ ಮಂದಿರ. ಮಾಡು ಸೋರಿ ದಶಕಗಳು ಕಳೆದ ಪಾಳು ಮಂದಿರದಲ್ಲಿ ಅಂಥ ಚಾವಣಿಯ ಕೆಳಗೆ ನಿಂತು ಮಾದರಿ ಸಂಗ್ರಹಿಸುವವರಿಗೆ ಕಲ್ನಾರಿಗಿಂತ ಮೊದಲು ತಲೆಯ ಮೇಲಿನ ಭಾರವೇ ಅಪಾಯ. ಹೀಗಾಗಿ ರಚನಾ ಎಂಜಿನಿಯರ್ ನೋಡಿ ಇಲ್ಲಿ ಓಡಾಡಬಹುದು, ಇಲ್ಲಿ ಕೂಡದು ಎಂದು ಗುರುತು ಹಾಕಿದ ಮೇಲಷ್ಟೇ ವಿಷವಸ್ತುಗಳ ಸಮೀಕ್ಷಕರು ಒಳಹೋಗಬೇಕು.

ಗಾರೆಯ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಮೂಲ ನಿರ್ಮಾಣದ ಕುಸುರಿ ಗಾರೆಯಲ್ಲಿ ಆಸ್ಬೆಸ್ಟಾಸ್ ಇಲ್ಲದಿರುವ ಸಾಧ್ಯತೆ ಸಾಕಷ್ಟಿದೆ. ಅದರ ಹತ್ತಿರದಲ್ಲೇ ಪ್ರತಿಧ್ವನಿ ತಗ್ಗಿಸಲೆಂದು ಗೋಡೆಗೆ ಮೆತ್ತಿದ ಒರಟು ಗಾರೆಯಲ್ಲಿ, 1950ರ ದಶಕದಲ್ಲಿ ಅಗಲ ತೆರೆ ಬಂದಾಗ ಹಳೆಯ ಅಲಂಕಾರವನ್ನು ಮುಚ್ಚಿ ಹೊಡೆದ ಹಲಗೆಗಳಲ್ಲಿ, 1960ರ ದಶಕದಲ್ಲಿ ಉಕ್ಕಿನ ತೊಲೆಗಳ ಮೇಲೆ ಸಿಂಪಡಿಸಿದ ಅಗ್ನಿರಕ್ಷಕ ಲೇಪದಲ್ಲಿ ಅದು ಇರುವ ಸಂಭವ ಹೆಚ್ಚು. ಈ ಸಿಂಪಡಿಸುವ ಪದ್ಧತಿಯನ್ನು ಅಮೆರಿಕ 1973ರಲ್ಲಿ ನಿಷೇಧಿಸಿತು. ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ ಬಳಕೆ ಪೂರ್ತಿ ನಿಂತದ್ದು 1999ರಲ್ಲಿ. ಅಂದರೆ ಕಟ್ಟಡದ ವಯಸ್ಸಿಗಿಂತ ಅದರ ದುರಸ್ತಿಗಳ ಇತಿಹಾಸ ಇಲ್ಲಿ ಹೆಚ್ಚು ಹೇಳುತ್ತದೆ. ಸಂರಕ್ಷಣಾಪ್ರಿಯರು ಬೇಡವೆಂದು ಕಿತ್ತೊಗೆಯಲು ಕಾತರಿಸುವ ನಡುಗಾಲದ ಹೊದಿಕೆಯೇ ಹಲವೆಡೆ ಹೆಚ್ಚು ವಿಷಕಾರಿ. ಸ್ವಯಂಸೇವಕರು ಒಂದು ಭಾನುವಾರ ಸುತ್ತಿಗೆ ಹಿಡಿದು ಬಂದು ಆ ಹಲಗೆಗಳನ್ನು ಕೀಳುವುದೇ ಇಂಥ ಯೋಜನೆಗಳಲ್ಲಿ ನಡೆಯಬಹುದಾದ ದೊಡ್ಡ ಅನಾಹುತ.

ಪ್ರೊಜೆಕ್ಟರ್ ಕೋಣೆ ಚಿಕ್ಕದಾದರೂ ಅಪಾಯಗಳು ಅಲ್ಲಿ ಒತ್ತೊತ್ತಾಗಿ ಕೂಡಿರುತ್ತವೆ. 1950ರ ದಶಕದ ಆರಂಭದವರೆಗೆ ಚಲನಚಿತ್ರಗಳ ಸುರುಳಿಗಳು ಸೆಲ್ಯುಲೋಸ್ ನೈಟ್ರೇಟಿನವು. ಈ ವಸ್ತು ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಆ ಭಯದಿಂದಲೇ ಕೋಣೆಯ ಗೋಡೆ, ಚಾವಣಿ, ಬಾಗಿಲಿಗೆ ಆಸ್ಬೆಸ್ಟಾಸ್ ಹಲಗೆ ಹೊಡೆಯುತ್ತಿದ್ದರು. ಪ್ರೊಜೆಕ್ಟರಿನ ಪ್ರಖರ ಕಾರ್ಬನ್ ಆರ್ಕ್ ದೀಪಕ್ಕೆ ಏಕಮುಖ ವಿದ್ಯುತ್ ಒದಗಿಸಲು ಕೆಲವೆಡೆ ಪಾದರಸ ತುಂಬಿದ ದೊಡ್ಡ ಗಾಜಿನ ಬುರುಡೆಗಳಿದ್ದವು, ದೀಪದ ಬಿಸಿಗೆ ತಾಗುವ ತಂತಿಗಳಿಗೂ ಕಲ್ನಾರಿನ ಹೊದಿಕೆಯೇ ಇತ್ತು. ಮೂಲೆಯಲ್ಲೆಲ್ಲೋ ತುಕ್ಕು ಹಿಡಿದ ಫಿಲ್ಮ್ ಡಬ್ಬಿಗಳು ಸಿಕ್ಕರೆ ಕೂಡಲೇ ಕೆಲಸ ನಿಲ್ಲಿಸಬೇಕು. ನೈಟ್ರೇಟ್ ಕೆಡುತ್ತ ಹೋದಂತೆ ಮೊದಲು ಕಂದುಹಳದಿಗೆ ತಿರುಗಿ, ಆಮೇಲೆ ಅಂಟಾಗಿ, ನೊರೆಯೊಡೆದು, ಕೊನೆಗೆ ಕಂದು ಪುಡಿಯಾಗುತ್ತದೆ. ಕೆಟ್ಟ ಸ್ಥಿತಿಯಲ್ಲಿರುವ ಸುರುಳಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿಯೂ, ಬಹಳ ಹೊತ್ತು ಇದ್ದರೆ, ತಾನಾಗಿ ಹೊತ್ತಿಕೊಳ್ಳಬಲ್ಲದು. ಅಗ್ನಿಶಾಮಕ ದಳದೊಂದಿಗೆ ಚಲನಚಿತ್ರ ಸಂಗ್ರಹಾಲಯವೊಂದಕ್ಕೂ ತಿಳಿಸಬೇಕು, ಏಕೆಂದರೆ ಅದು ಬೇರೆಲ್ಲೂ ಉಳಿದಿರದ ಚಿತ್ರವಾಗಿರಬಹುದು: 1978ರಲ್ಲಿ ಕೆನಡಾದ ಡಾಸನ್ ಸಿಟಿಯಲ್ಲಿ ನೆಲ ಅಗೆಯುವಾಗ ಸಿಕ್ಕ 500ಕ್ಕೂ ಹೆಚ್ಚು ನೈಟ್ರೇಟ್ ಸುರುಳಿಗಳಲ್ಲಿ ಕಳೆದುಹೋಗಿವೆ ಎಂದುಕೊಂಡಿದ್ದ ಮೂಕಿಚಿತ್ರಗಳು ಇದ್ದವು.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ನೆಲಮಾಳಿಗೆಯ ಬಾಯ್ಲರ್ ಮತ್ತು ಅಲ್ಲಿಂದ ಹೊರಟ ಕೊಳವೆಗಳ ಹೊದಿಕೆ, ಅದರಲ್ಲೂ ತಿರುವುಗಳಿಗೆ ಮೆತ್ತಿದ ಕೆಸರಿನಂಥ ಲೇಪ, ಆಸ್ಬೆಸ್ಟಾಸಿನ ಖಾಯಂ ನೆಲೆ. 1970ರ ದಶಕದ ಕೊನೆಯವರೆಗಿನ ಟ್ಯೂಬ್‌ಲೈಟ್ ಚೋಕ್‌ಗಳಲ್ಲಿ, ಕೆಪಾಸಿಟರ್‌ಗಳಲ್ಲಿ, ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಎಂಬ ಕ್ಲೋರಿನ್‌ಯುಕ್ತ ಸಂಯುಕ್ತಗಳಿರಬಹುದು. ಕಿಟಕಿಯ ಸಂದಿಗೆ ತುಂಬಿದ ಮೆತುಪದಾರ್ಥದಲ್ಲೂ ಅವನ್ನು ಬೆರೆಸುತ್ತಿದ್ದರು. ಹೊರಗಿನ ನಿಯಾನ್ ಫಲಕದ ನೀಲಿ-ಹಸಿರು ಕೊಳವೆಗಳಲ್ಲೂ, ಚಾವಣಿಯ ಅಂಚಿನಲ್ಲಿ ಅಡಗಿಸಿಟ್ಟ ದೀಪದ ಕೊಳವೆಗಳಲ್ಲೂ ಪಾದರಸವಿರುತ್ತದೆ. ದೃಶ್ಯಪರದೆಗಳಿಗೆ ಬಣ್ಣ ಹಾಕುತ್ತಿದ್ದ ಕೋಣೆಯಲ್ಲಿ ಸೀಸದ ಬಿಳಿ, ಕ್ರೋಮ್ ಹಳದಿ, ಆರ್ಸೆನಿಕ್ ಇರುವ ಹಸಿರು ಪುಡಿಗಳ ಹಳೆಯ ಡಬ್ಬಿಗಳು ಉಳಿದಿರಬಹುದು. ರಂಗಪರಿಕರಗಳ ಪೆಟ್ಟಿಗೆಯಲ್ಲಿ ಸಿಗುವ ‘ಹಿಮ’ವನ್ನೂ ಸಂಶಯದಿಂದಲೇ ನೋಡಬೇಕು, ಒಂದು ಕಾಲದಲ್ಲಿ ಕಲ್ನಾರಿನ ಎಳೆಗಳನ್ನೇ ಕೃತಕ ಹಿಮವೆಂದು ಮಾರುತ್ತಿದ್ದರು.

ಪಾಳುಬಿದ್ದದ್ದರಿಂದ ಆಗುವ ವ್ಯತ್ಯಾಸ

ಮೇಲೆ ಹೇಳಿದ ಬಹುಪಾಲು ವಸ್ತುಗಳು ಮುಟ್ಟದೆ, ಒಣಗಿದ ಸ್ಥಿತಿಯಲ್ಲಿ, ಇದ್ದಲ್ಲೇ ಇದ್ದರೆ ಒಳಹೋದವರಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಆಸ್ಬೆಸ್ಟಾಸ್ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶದೊಳಗೆ ಹೋದಾಗಲೇ ಅಪಾಯ. ಸೀಸದ ಬಣ್ಣ ಧೂಳಾಗಿ ಬಾಯಿಗೋ ಮೂಗಿಗೋ ಹೋದಾಗಲೇ ವಿಷ. ಪಾಳುಬೀಳುವಿಕೆ ಈ ಸ್ಥಿತಿಯನ್ನು ಕದಡಿಬಿಡುತ್ತದೆ. ಮಾಡಿನ ನೀರು ಗಾರೆಯನ್ನು ನೆನೆಸಿ ಉದುರಿಸುತ್ತದೆ, ಬಿಸಿಲು-ಚಳಿಯ ಏರಿಳಿತಕ್ಕೆ ಬಣ್ಣ ಸಿಪ್ಪೆಯೇಳುತ್ತದೆ, ಕೊಳವೆಯ ಹೊದಿಕೆ ಬಿರಿಯುತ್ತದೆ. ತಾಮ್ರದ ಆಸೆಗೆ ನುಗ್ಗಿದ ಕಳ್ಳರು ಕೊಳವೆಗಳ ಮೇಲಿನ ಹೊದಿಕೆಯನ್ನು ಹರಿದು ನೆಲದಲ್ಲಿ ಚೆಲ್ಲಿ ಹೋಗುತ್ತಾರೆ. ಅದರ ಮೇಲೆ ಓಡಾಡಿದ ಪ್ರತಿಯೊಬ್ಬರ ಪಾದದೊಂದಿಗೂ ಆ ಪುಡಿ ಬಾಲ್ಕನಿಯ ಕಾರ್ಪೆಟ್ಟಿಗೆ, ಕುರ್ಚಿಗಳ ಮೆತ್ತೆಗೆ, ಆರ್ಗನ್ ವಾದ್ಯದ ಕೊಳವೆಗಳ ಕೋಣೆಗೆ ಸಾಗುತ್ತದೆ. ಒಂದೇ ಜಾಗದಲ್ಲಿದ್ದ ಮೂಲ ಹೀಗೆ ಇಡೀ ಕಟ್ಟಡದ ಸಮಸ್ಯೆಯಾಗುತ್ತದೆ. ದೊಡ್ಡ ರಂಗಮಂದಿರದ ಆರ್ಗನ್ನಿಗೆ ಸಾವಿರಕ್ಕೂ ಮಿಕ್ಕಿ ಕೊಳವೆಗಳಿರಬಹುದು. ಅವುಗಳೊಳಗೆ ಕಲ್ನಾರಿನ ಧೂಳು ಸೇರಿದರೆ ಒಂದೊಂದನ್ನೇ ಕಳಚಿ ಶುದ್ಧಮಾಡುವುದು ಪ್ರತ್ಯೇಕ ಯೋಜನೆಯೇ ಆದೀತು.

ಮನುಷ್ಯರು ಬಿಟ್ಟುಹೋದ ಜಾಗಕ್ಕೆ ಪಾರಿವಾಳಗಳು ಬರುತ್ತವೆ. ಮೊಣಕಾಲೆತ್ತರ ಕೂಡಿದ ಹಿಕ್ಕೆಯನ್ನು ಗಲೀಜು ಎಂದಷ್ಟೇ ಬಗೆದು ಪೊರಕೆ ಹಿಡಿಯುವವರು ಹಿಸ್ಟೊಪ್ಲಾಸ್ಮಾ, ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರಗಳ ಕಣಗಳನ್ನೂ ಸಿಟಾಕೋಸಿಸ್ ಎಂಬ ಶ್ವಾಸಕೋಶದ ಸೋಂಕು ತರುವ ಬ್ಯಾಕ್ಟೀರಿಯಾವನ್ನೂ ಗಾಳಿಗೆ ಎಬ್ಬಿಸುತ್ತಾರೆ. ಒಣ ಹಿಕ್ಕೆಯನ್ನು ಎಂದೂ ಗುಡಿಸಬಾರದು. ಮೆಲ್ಲಗೆ ನೀರು ಸಿಂಪಡಿಸಿ ನೆನೆಸಿ, ತಕ್ಕ ಉಸಿರುರಕ್ಷಕ ಧರಿಸಿ, ಸಲಿಕೆಯಿಂದ ಚೀಲಕ್ಕೆ ತುಂಬಬೇಕು. ಆದರೆ ಆ ಹಿಕ್ಕೆ ತೂಗುಗಾರೆಯ ಚಾವಣಿಯ ಬೆನ್ನ ಮೇಲೆ ಬಿದ್ದಿದ್ದರೆ, ಸಿಂಪಡಿಸಿದ ನೀರು ಈಗಾಗಲೇ ಬಳಲಿದ ಗೋಣಿಕಟ್ಟುಗಳಿಗೆ ಇನ್ನಷ್ಟು ಭಾರವಾಗುತ್ತದೆ. ಆರೋಗ್ಯದ ನಿಯಮ ನೀರು ಹಾಕು ಎನ್ನುತ್ತದೆ, ಚಾವಣಿ ಬೇಡ ಎನ್ನುತ್ತದೆ. ಇಂಥ ಕಡೆ ಅಟ್ಟದ ನಡುಹಾದಿಯಿಂದ ಸ್ವಲ್ಪ ಸ್ವಲ್ಪವೇ ತೇವ ಮಾಡಿ, ಅತಿ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಯಂತ್ರದಿಂದ ಹೀರಿ, ತೆಗೆದ ಭಾರವನ್ನು ಅಂದಂದೇ ಕೆಳಗಿಳಿಸುವುದು ಬಿಟ್ಟು ಬೇರೆ ಉಪಾಯವಿಲ್ಲ. ನಿಧಾನದ, ದುಬಾರಿ ಕೆಲಸ ಇದು. ಅಂದಾಜುಪಟ್ಟಿಯಲ್ಲಿ ‘ಸ್ವಚ್ಛತೆ’ ಎಂಬ ಒಂದೇ ಸಾಲಿನಲ್ಲಿ ಸೇರಿಸಿದರೆ ಲೆಕ್ಕ ತಪ್ಪುತ್ತದೆ.

ಪತ್ತೆಹಚ್ಚುವ ಕ್ರಮ

ಸಮೀಕ್ಷೆ ಕಾಗದಗಳಿಂದ ಶುರುವಾಗಬೇಕು. ಮೂಲ ನಕ್ಷೆ, ದುರಸ್ತಿಗಳ ಬಿಲ್ಲು, ಅಗ್ನಿಶಾಮಕ ಇಲಾಖೆಯ ತಪಾಸಣಾ ದಾಖಲೆ, ಬೇರೆ ಬೇರೆ ದಶಕಗಳ ಛಾಯಾಚಿತ್ರಗಳು ಯಾವ ಪದರ ಯಾವಾಗ ಸೇರಿತೆಂಬುದನ್ನು ಹೇಳುತ್ತವೆ. ಆ ಬಳಿಕ ಕಟ್ಟಡದೊಳಗಿನ ಹುಡುಕಾಟ. ಬ್ರಿಟನ್ನಿನ ಪದ್ಧತಿಯಲ್ಲಿ ಎರಡು ಬಗೆಯ ಆಸ್ಬೆಸ್ಟಾಸ್ ಸಮೀಕ್ಷೆಗಳಿವೆ: ಬಳಕೆಯಲ್ಲಿರುವ ಕಟ್ಟಡಕ್ಕೆ ನಿರ್ವಹಣಾ ಸಮೀಕ್ಷೆ, ದೊಡ್ಡ ಕಾಮಗಾರಿಗೆ ಮೊದಲು ಗೋಡೆ ಕೊರೆದು ನೆಲ ಎಬ್ಬಿಸಿ ನೋಡುವ ನವೀಕರಣ ಸಮೀಕ್ಷೆ. ಮೊದಲನೆಯದು ಅಗ್ಗ, ಬೇಗ ಮುಗಿಯುತ್ತದೆ. ಅದರ ವರದಿಯನ್ನು ಹಿಡಿದುಕೊಂಡೇ ಎರಡನೆಯದರ ಅಗತ್ಯವಿದ್ದ ಕೆಲಸಕ್ಕೆ ಇಳಿಯುವುದು ಸಾಮಾನ್ಯ ತಪ್ಪು. ‘ಪ್ರವೇಶ ಸಾಧ್ಯವಾಗಲಿಲ್ಲ’ ಎಂಬ ಷರಾ ವರದಿಯಲ್ಲಿ ಎಷ್ಟು ಕಡೆ ಇದೆಯೆಂದು ಎಣಿಸಿದರೆ ಆ ವರದಿಯ ಬೆಲೆ ತಿಳಿಯುತ್ತದೆ. ಒಳಹೋಗಲಾಗದ ಜಾಗದಲ್ಲಿ ಆಸ್ಬೆಸ್ಟಾಸ್ ಇದೆಯೆಂದೇ ಊಹಿಸಿ ಹಣ ಮೀಸಲಿಡುವುದು ನ್ಯಾಯ.

ಎಷ್ಟು ಮಾದರಿ ಸಾಕು? ಅಮೆರಿಕದಲ್ಲಿ 1980ರ ದಶಕದಲ್ಲಿ ಶಾಲೆಗಳಿಗಾಗಿ ರೂಪಿಸಿದ, ಇತರ ಕಟ್ಟಡಗಳಲ್ಲೂ ಅನುಸರಿಸುವ ನಿಯಮದ ಪ್ರಕಾರ ಸಿಂಪಡಿಸಿದ ಅಥವಾ ಮೆತ್ತಿದ ಲೇಪ 1,000 ಚದರ ಅಡಿಯವರೆಗಿದ್ದರೆ 3, ಅಲ್ಲಿಂದ 5,000 ಚದರ ಅಡಿಯವರೆಗೆ 5, ಅದಕ್ಕೂ ಮೀರಿದರೆ 7 ಮಾದರಿಗಳು ಬೇಕು. ಇದು ಒಂದೇ ಬಗೆಯ ಲೇಪಕ್ಕೆ ಹೇಳಿದ ಲೆಕ್ಕ. ರಂಗಮಂದಿರದ ಗಾರೆ ಮೇಲ್ನೋಟಕ್ಕೆ ಒಂದೇ ಎನಿಸಿದರೂ ಮೂಲದ್ದು, ತೇಪೆ ಹಾಕಿದ್ದು, ಎರಡನೇ ಸಲ ತೇಪೆ ಹಾಕಿದ್ದು ಎಂದು ಪಕ್ಕಪಕ್ಕದಲ್ಲೇ ಬೇರೆ ಬೇರೆ ಇರುತ್ತದೆ. ಅಲಂಕಾರದ ಮುಖಕ್ಕೆ ಉಳಿ ತಾಗಿಸುವ ಅಗತ್ಯವೂ ಇಲ್ಲ: ಅಟ್ಟಕ್ಕೆ ಹತ್ತಿ ಎರಕದ ಬೆನ್ನಿನಿಂದ, ಇಲ್ಲವೇ ಈಗಾಗಲೇ ಉದುರಿ ಬಿದ್ದ ಚೂರುಗಳಿಂದ ಮಾದರಿ ತೆಗೆಯಬಹುದು, ಆ ಚೂರು ಯಾವ ಜಾಗದ್ದೆಂದು ಖಚಿತವಾಗಿದ್ದರೆ. ಪ್ರಯೋಗಾಲಯಕ್ಕೆ ಪ್ರತಿ ಪದರವನ್ನೂ ಬಿಡಿಬಿಡಿಯಾಗಿ ಪರೀಕ್ಷಿಸುವಂತೆ ಹೇಳಬೇಕು, ಏಕೆಂದರೆ ಅಮೆರಿಕದ ಕಾನೂನಿನಲ್ಲಿ ಆಸ್ಬೆಸ್ಟಾಸ್ ವಸ್ತುವೆಂದು ಪರಿಗಣಿಸಲು ಶೇ 1ಕ್ಕಿಂತ ಹೆಚ್ಚು ಇರಬೇಕು. ತೆಳುವಾದ ಮೇಲ್ಪದರವನ್ನು ದಪ್ಪ ತಳಪದರದೊಂದಿಗೆ ಅರೆದು ಕಲಸಿದರೆ ಆ ಅಂಕಿ ಕೆಳಗಿಳಿದು ಮೋಸವಾಗುತ್ತದೆ. ನೆಲದ ಹಾಸುಬಿಲ್ಲೆಗಳಲ್ಲಿ ಎಳೆಗಳು ಬಹಳ ಸೂಕ್ಷ್ಮವಾಗಿರುವುದರಿಂದ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣದೆ ಹೋಗಬಹುದು. ಅಲ್ಲಿ ‘ಇಲ್ಲ’ ಎಂಬ ಫಲಿತಾಂಶ ಬಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮತ್ತೊಮ್ಮೆ ನೋಡಿಸುವುದು ಒಳ್ಳೆಯದು.

ಸೀಸಕ್ಕೆ ಎಕ್ಸ್-ಕಿರಣ ಹಾಯಿಸಿ ನೋಡುವ, ಪಿಸ್ತೂಲಿನಾಕಾರದ ಎಕ್ಸ್‌ಆರ್‌ಎಫ್ ಉಪಕರಣವಿದೆ. ಬಣ್ಣವನ್ನು ಕೆರೆಯದೆಯೇ ಕೆಲವೇ ಕ್ಷಣಗಳಲ್ಲಿ ಪ್ರಮಾಣ ತೋರಿಸುತ್ತದೆ. ಸಪಾಟು ಗೋಡೆಗೆ ಅದು ಅನುಕೂಲ, ಸುರುಳಿ ಸುತ್ತಿದ ಎಲೆ-ಹೂಗಳ ಮೇಲೆ ಅದರ ಮುಖ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಅಲ್ಲಿ ಚಿಕ್ಕ ಚಕ್ಕೆ ತೆಗೆದು ಪರೀಕ್ಷಿಸಬೇಕು. ಈ ಹಂತದಲ್ಲೇ ಬಣ್ಣದ ತಜ್ಞರನ್ನೂ ಕರೆಸಿಕೊಳ್ಳಬೇಕು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಉದ್ಘಾಟನೆಯ ದಿನ ಮಂದಿರ ಯಾವ ಬಣ್ಣದಲ್ಲಿತ್ತು, ಚಿನ್ನದ ರೇಕು ಎಲ್ಲೆಲ್ಲಿತ್ತು ಎಂಬುದಕ್ಕೆ ಇರುವ ಸಾಕ್ಷಿ ಆ ಸೀಸಭರಿತ ಪದರಗಳೇ. ಸೀಸ ತೆಗೆಯುವ ಗುತ್ತಿಗೆದಾರ ಮೊದಲು ಬಂದು ಗೋಡೆಯನ್ನು ಬರಿದು ಮಾಡಿದರೆ, ಸಂರಕ್ಷಣೆಯ ಹೆಸರಿನಲ್ಲಿ ನಡೆದ ಕೆಲಸ ಸಂರಕ್ಷಿಸಬೇಕಾದದ್ದನ್ನೇ ಅಳಿಸಿದಂತಾಗುತ್ತದೆ. ಒಂದೇ ಚಕ್ಕೆಯನ್ನು ಇಬ್ಬರೂ ಹಂಚಿಕೊಳ್ಳಬಹುದು; ಬೇಕಾದದ್ದು ಒಂದು ವಾರದ ಹೊಂದಾಣಿಕೆ ಅಷ್ಟೆ.

ತೆಗೆಯುವುದೇ, ಮುಚ್ಚುವುದೇ

ಎಲ್ಲವನ್ನೂ ತೆಗೆದುಬಿಡಿ ಎನ್ನುವುದು ಕೇಳಲು ಸುರಕ್ಷಿತ. ಆದರೆ ಗಟ್ಟಿಯಾಗಿ ಅಂಟಿಕೊಂಡ ವಸ್ತುವನ್ನು ಕೀಳುವಾಗ ಹೊರಬೀಳುವ ಎಳೆಗಳು ಅದು ಸುಮ್ಮನಿದ್ದಾಗ ಬೀಳುವುದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಮೂರು ದಾರಿಗಳನ್ನೂ ಪ್ರತಿ ವಸ್ತುವಿಗೂ ತೂಗಿ ನೋಡಬೇಕು: ಕಿತ್ತು ಸಾಗಿಸುವುದು, ಬಂಧಕ ಲೇಪ ಹಚ್ಚಿ ಎಳೆಗಳನ್ನು ಹಿಡಿದಿಡುವುದು, ಅಥವಾ ಗಟ್ಟಿ ಹೊದಿಕೆಯೊಳಗೆ ಮುಚ್ಚಿಡುವುದು. ಕೊಳವೆಗಳ ಬಿರಿದ ಹೊದಿಕೆ, ಸಿಂಪಡಿಸಿದ ಸಡಿಲ ಲೇಪ, ನೆಲದ ಮೇಲಿನ ಪುಡಿ ಇವನ್ನು ತೆಗೆಯಲೇಬೇಕು. ಮುಂದೆ ಹೊಸ ತಂತಿ, ಗಾಳಿನಾಳ ಹಾಯಬೇಕಾದ ಜಾಗದಲ್ಲೂ ಉಳಿಸುವುದು ವಿವೇಕವಲ್ಲ. ಯಾರೂ ಮುಟ್ಟದ ಎತ್ತರದಲ್ಲಿ ಸುಸ್ಥಿತಿಯಲ್ಲಿರುವ ಗಾರೆಗೆ ಬಂಧಕ ಲೇಪ ಸಾಕಾಗಬಹುದು, ಆದರೆ ಆ ಲೇಪದ ಭಾರವನ್ನು ಹಳೆಯ ಗಾರೆ ಹೊರಬಲ್ಲದೇ ಎಂದು ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಬೇಕು. ಇಲ್ಲವಾದರೆ ಲೇಪವೂ ಗಾರೆಯೂ ಒಟ್ಟಿಗೇ ಕಳಚಿ ಬೀಳುತ್ತವೆ.

ಅಗ್ನಿ ಪರದೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಮತ್ತೆ ಪ್ರದರ್ಶನ ನಡೆಯುವ ಮಂದಿರದಲ್ಲಿ ಚಲಿಸುವ ಆಸ್ಬೆಸ್ಟಾಸ್ ಪರದೆಯನ್ನು ಉಳಿಸಿಕೊಳ್ಳಬಾರದು. ಅದರ ಮೇಲಿನ ಚಿತ್ರವನ್ನು ನೇರ ಬೆಳಕಿನಲ್ಲೂ ಓರೆ ಬೆಳಕಿನಲ್ಲೂ ತುಂಡುತುಂಡಾಗಿ ಛಾಯಾಚಿತ್ರ ತೆಗೆದು, ಬಣ್ಣಗಳನ್ನು ಅಳೆದು, ಗಾಜಿನೆಳೆಯ ಹೊಸ ಪರದೆಯ ಮೇಲೆ ಮರುಸೃಷ್ಟಿಸಬಹುದು. ಮೂಲಚಿತ್ರ ಅಪರೂಪದ್ದಾಗಿದ್ದು ವಸ್ತುಸಂಗ್ರಹಾಲಯವೊಂದು ಕೇಳಿದರೆ, ಎರಡೂ ಮುಖಕ್ಕೆ ಬಂಧಕ ಹಚ್ಚಿ ಮುಚ್ಚಿದ ಚೌಕಟ್ಟಿನೊಳಗೆ ಇಡುವ ಸಾಧ್ಯತೆಯೂ ಇದೆ. ಆ ಖರ್ಚನ್ನು ಯಾರು ಹೊರುತ್ತಾರೆಂಬುದು ಮೊದಲೇ ತೀರ್ಮಾನವಾಗಿರಬೇಕು.

ಸೀಸದ ಬಣ್ಣಕ್ಕೆ ಬೇರೆ ತರ್ಕ. ಅಲೆಕ್ಸಾಂಡ್ರಾ ಪ್ಯಾಲೆಸ್‌ನಲ್ಲಿ ಗೋಡೆಗಳ ಸವೆದ, ಮಾಸಿದ ನೋಟವನ್ನು ಹೊಸ ಬಣ್ಣದಡಿ ಮುಚ್ಚದೆ ಸ್ಥಿರಗೊಳಿಸಿ ಉಳಿಸಿದ್ದು ಅನೇಕರಿಗೆ ಮೆಚ್ಚುಗೆಯಾಗಿದೆ. ಅದನ್ನು ಬೇರೆಡೆ ಅನುಸರಿಸುವವರು ಸಿಪ್ಪೆಯೇಳುತ್ತಿರುವ ಪದರದಲ್ಲಿ ಸೀಸವಿದೆಯೇ ಎಂದು ಮೊದಲು ತಿಳಿಯಬೇಕು. ಇದ್ದರೆ ಸಡಿಲ ಚಕ್ಕೆಗಳನ್ನೆಲ್ಲ ತೆಗೆದು ಉಳಿದದ್ದನ್ನು ಪಾರದರ್ಶಕ ಲೇಪದಿಂದ ಬಂಧಿಸದೆ ಪ್ರೇಕ್ಷಕರನ್ನು ಒಳಬಿಡಕೂಡದು, ವಿಶೇಷವಾಗಿ ಮಕ್ಕಳ ಕೈಗೆಟಕುವ ಎತ್ತರದಲ್ಲಿ. ತೆಗೆಯಲೇಬೇಕಾದ ಕಡೆ ಬೆಂಕಿಯ ಜ್ವಾಲೆಯಿಂದ ಸುಡುವುದು, ಒಣಗಿದ್ದಾಗ ಉಜ್ಜುವುದು ಎರಡೂ ನಿಷಿದ್ಧ. ಬಣ್ಣ ಮೆತ್ತಗಾಗಿಸುವ ರಾಸಾಯನಿಕ ಪಟ್ಟಿ, ತೇವದ ಕೆರೆತ ಇವೇ ಯೋಗ್ಯ. ಇಲ್ಲೊಂದು ಕಾನೂನಿನ ಸಂದಿಯೂ ಇದೆ. ಹಲವು ದೇಶಗಳಲ್ಲಿ ಸೀಸದ ಬಣ್ಣದ ಕಟ್ಟುನಿಟ್ಟು ನಿಯಮಗಳು ಮನೆ ಮತ್ತು ಮಕ್ಕಳ ಕೇಂದ್ರಗಳನ್ನು ಗಮನದಲ್ಲಿಟ್ಟು ಬರೆದವು, ರಂಗಮಂದಿರ ಅವುಗಳ ವ್ಯಾಪ್ತಿಯ ಹೊರಗುಳಿಯಬಹುದು. ಕಾರ್ಮಿಕರ ರಕ್ಷಣೆಯ ನಿಯಮ ಮಾತ್ರ ತಪ್ಪುವುದಿಲ್ಲ: ಅಮೆರಿಕದಲ್ಲಿ ಎಂಟು ಗಂಟೆಯ ಸರಾಸರಿಯಲ್ಲಿ ಪ್ರತಿ ಘನ ಮೀಟರ್ ಗಾಳಿಗೆ 50 ಮೈಕ್ರೊಗ್ರಾಂ ಸೀಸ ಮಿತಿ. ಕೆಲಸದ ಬಟ್ಟೆಯಲ್ಲೇ ಮನೆಗೆ ಹೋದ ಕಾರ್ಮಿಕನ ಮಗುವಿಗೆ ಆ ಧೂಳು ತಲುಪುತ್ತದೆ ಎಂಬುದು ಹಳೆಯ ಅನುಭವ.

ವೇದಿಕೆಯ ಗೋಪುರವೆಂಬ ಸವಾಲು

ಆಸ್ಬೆಸ್ಟಾಸ್ ತೆಗೆಯುವ ಜಾಗವನ್ನು ಪ್ಲಾಸ್ಟಿಕ್ ಹಾಳೆಗಳಿಂದ ಮುಚ್ಚಿ, ಹೆಪಾ ಫಿಲ್ಟರ್ ಇರುವ ಯಂತ್ರಗಳಿಂದ ಗಾಳಿಯನ್ನು ಹೊರಕ್ಕೆಳೆದು, ಒಳಗಿನ ಒತ್ತಡ ಹೊರಗಿಗಿಂತ ಸದಾ ಕಡಿಮೆ ಇರುವಂತೆ ನೋಡಿಕೊಳ್ಳುತ್ತಾರೆ; ಆಗ ಸಂದಿಗಳಲ್ಲಿ ಗಾಳಿ ಒಳನುಗ್ಗುತ್ತದೆಯೇ ಹೊರತು ಎಳೆಗಳು ಹೊರಬರುವುದಿಲ್ಲ. ಗಂಟೆಗೆ ಕನಿಷ್ಠ 4 ಬಾರಿ ಒಳಗಿನ ಗಾಳಿ ಬದಲಾಗಬೇಕೆಂಬುದು ರೂಢಿಯ ಅಳತೆ. ಸಾಮಾನ್ಯ ಕೋಣೆಗೆ ಇದೇನೂ ಕಷ್ಟವಲ್ಲ. 20 ಮೀಟರ್ ಅಗಲ, 12 ಮೀಟರ್ ಆಳ, 25 ಮೀಟರ್ ಎತ್ತರದ ಒಂದು ವೇದಿಕೆ ಗೋಪುರವನ್ನು, ಅಂದರೆ ದೃಶ್ಯಪರದೆಗಳನ್ನು ಮೇಲೆತ್ತಿಡಲು ವೇದಿಕೆಯ ಮೇಲೆ ಕಟ್ಟಿದ ಎತ್ತರದ ಭಾಗವನ್ನು, ಊಹಿಸಿಕೊಂಡರೆ ಅದರ ಗಾತ್ರ 6,000 ಘನ ಮೀಟರ್. ಗಂಟೆಗೆ 24,000 ಘನ ಮೀಟರ್ ಗಾಳಿ ಎಳೆಯಬೇಕು. ಗಂಟೆಗೆ ಸುಮಾರು 3,400 ಘನ ಮೀಟರ್ ಎಳೆಯುವ ದೊಡ್ಡ ಯಂತ್ರಗಳೇ 8 ಬೇಕು, ಫಿಲ್ಟರ್ ಕಟ್ಟಿಕೊಳ್ಳುವುದನ್ನೂ ಕೆಟ್ಟು ನಿಲ್ಲುವುದನ್ನೂ ಲೆಕ್ಕಹಾಕಿದರೆ 9. ಪ್ರೇಕ್ಷಾಂಗಣವನ್ನೂ ಅದರೊಂದಿಗೆ ಸೇರಿಸಿದರೆ ಈ ಸಂಖ್ಯೆ ಇಪ್ಪತ್ತನ್ನು ದಾಟುತ್ತದೆ. ಆದುದರಿಂದ ಪ್ರೊಸೀನಿಯಂ ಕಮಾನನ್ನು ಗಟ್ಟಿ ಚೌಕಟ್ಟಿನ ತಡೆಗೋಡೆಯಿಂದ ಮುಚ್ಚಿ ಎರಡು ಭಾಗವಾಗಿ ಕೆಲಸ ಮಾಡುವುದು ಜಾಣತನ. ಗೋಪುರದ ನೆತ್ತಿಯಲ್ಲಿ ಬೆಂಕಿಯ ಹೊಗೆ ಹೊರಹೋಗಲೆಂದು ಇಟ್ಟ ಕಿಂಡಿಗಳಿರುತ್ತವೆ. ಬಿಸಿ ಗಾಳಿ ಮೇಲೇರುವ ಆ ಎತ್ತರದಲ್ಲಿ ಅವನ್ನು ಮುಚ್ಚದೆ ಬಿಟ್ಟರೆ ಕೆಳಗಿನ ಒತ್ತಡಮಾಪಕ ಏನೇ ತೋರಿಸಲಿ, ಮೇಲಿನಿಂದ ಎಳೆಗಳು ಊರಿನ ಗಾಳಿಗೆ ಸೇರುತ್ತವೆ.

ಕೆಲಸ ನಡೆಯುವಾಗ ವಸ್ತುವನ್ನು ಸದಾ ತೇವವಾಗಿಡಬೇಕು. ಬರಿಯ ನೀರು ಎಳೆಗಳೊಳಗೆ ಇಳಿಯದ ಕಾರಣ ಸಾಬೂನಿನಂಥ ದ್ರವ ಬೆರೆಸುತ್ತಾರೆ. ಪಕ್ಕದಲ್ಲೇ ನೀರು ತಾಗಿದರೆ ಕರಗುವ ಅಂಟುಬಣ್ಣದ ಚಿತ್ತಾರವಿದ್ದರೆ ಅದನ್ನು ಮೊದಲೇ ರಕ್ಷಿಸಬೇಕು, ಮತ್ತು ಪ್ಲಾಸ್ಟಿಕ್ ಹಾಳೆ ಅಂಟಿಸುವ ಟೇಪು ಚಿನ್ನದ ರೇಕಿನ ಮೇಲೆ ಬೀಳದಂತೆ ಸ್ವತಂತ್ರ ಚೌಕಟ್ಟು ಕಟ್ಟಬೇಕು. ಮಾಲಿನ್ಯ ತೆಗೆಯುವ ಗುತ್ತಿಗೆದಾರರಿಗೆ ಇವು ಅಭ್ಯಾಸವಿಲ್ಲದ ಸೂಕ್ಷ್ಮಗಳು. ಕೆಲಸದ ದಿನಗಳಲ್ಲಿ ಸಂರಕ್ಷಣಾ ತಜ್ಞರೊಬ್ಬರೂ ಉಸಿರುರಕ್ಷಕ ಧರಿಸಿ ಒಳಗಿರುವುದನ್ನು ಕರಾರಿನಲ್ಲೇ ಬರೆಯಬೇಕು. ಮುಗಿದ ಮೇಲೆ ಪ್ರತಿ ಘನ ಸೆಂಟಿಮೀಟರ್ ಗಾಳಿಯಲ್ಲಿ 0.01ಕ್ಕಿಂತ ಕಡಿಮೆ ಎಳೆಗಳಿವೆ ಎಂದು ಪರೀಕ್ಷೆಯಲ್ಲಿ ತಿಳಿದ ಬಳಿಕವೇ ತಡೆಗೋಡೆ ಬಿಚ್ಚಬಹುದು. ಅಮೆರಿಕ, ಬ್ರಿಟನ್ ಎರಡರಲ್ಲೂ ಬಳಕೆಯಲ್ಲಿರುವ ಅಳತೆ ಇದು. ಆ ಪರೀಕ್ಷೆ ಮಾಡುವವರು ಗುತ್ತಿಗೆದಾರರಿಂದ ಸಂಬಳ ಪಡೆಯುವವರಾಗಿರಬಾರದು.

ಹಣದ ಮಾತು ಕೊನೆಗೆ ಬಂದರೂ ಅದೇ ಹೆಚ್ಚು ಯೋಜನೆಗಳನ್ನು ನಿಲ್ಲಿಸುವ ಸಂಗತಿ. ನವೀಕರಣ ಸಮೀಕ್ಷೆಯಿಲ್ಲದೆ ಕರೆದ ಟೆಂಡರಿನಲ್ಲಿ ಗುತ್ತಿಗೆದಾರರು ಒಂದೋ ಭಯಕ್ಕೆ ದುಪ್ಪಟ್ಟು ದರ ಹಾಕುತ್ತಾರೆ, ಇಲ್ಲವೇ ಕಡಿಮೆ ಹೇಳಿ ಗೋಡೆ ಒಡೆದ ಮೇಲೆ ಹೆಚ್ಚುವರಿ ಕೇಳುತ್ತಾರೆ. ಪ್ರತಿ ಮೀಟರ್ ಕೊಳವೆಗೆ, ಪ್ರತಿ ಚದರ ಮೀಟರ್ ಗಾರೆಗೆ ಇಷ್ಟು ಎಂದು ದರವನ್ನು ಮೊದಲೇ ಬರೆಸಿಕೊಂಡರೆ, ಅನಿರೀಕ್ಷಿತವಾಗಿ ಸಿಕ್ಕದ್ದಕ್ಕೂ ಲೆಕ್ಕ ಇರುತ್ತದೆ. ಸಮೀಕ್ಷೆಗೆ ದಾನಿಗಳಿಂದ ಹಣ ಸಿಗುವುದು ಕಷ್ಟ, ಏಕೆಂದರೆ ಅದರ ಮೇಲೆ ಹೆಸರಿನ ಫಲಕ ಹಾಕಲಾಗುವುದಿಲ್ಲ; ಸಾರ್ವಜನಿಕ ನಿಧಿಗಳು ಈ ಹಂತಕ್ಕೇ ಮೀಸಲಾದ ಸಣ್ಣ ಅನುದಾನಗಳನ್ನು ಕೊಟ್ಟರೆ ಆಮೇಲಿನ ದೊಡ್ಡ ಅನುದಾನಗಳು ವ್ಯರ್ಥವಾಗುವುದು ತಪ್ಪುತ್ತದೆ.

ಕೆಲಸ ಮುಗಿದ ಮೇಲೂ ಲೇಪದಡಿ, ಹೊದಿಕೆಯೊಳಗೆ ಒಂದಿಷ್ಟು ಉಳಿದೇ ಇರುತ್ತದೆ. ಅದು ಯಾವ ಗೋಡೆಯಲ್ಲಿ, ಎಷ್ಟು ಎತ್ತರದಲ್ಲಿ, ಯಾವ ಸ್ಥಿತಿಯಲ್ಲಿದೆ ಎಂದು ಛಾಯಾಚಿತ್ರ ಸಹಿತ ಬರೆದ ದಾಖಲೆಪುಸ್ತಕ ಮಂದಿರದಲ್ಲೇ ಇರಬೇಕು, ವರ್ಷಕ್ಕೊಮ್ಮೆ ನೋಡಿ ತಿದ್ದಬೇಕು. ರಂಗಮಂದಿರದಲ್ಲಿ ಪ್ರತಿ ವಾರ ಹೊಸ ತಂಡ ಬರುತ್ತದೆ, ಪ್ರತಿ ತಂಡವೂ ದೀಪ ತೂಗುಹಾಕಲು ಎಲ್ಲಾದರೂ ಒಂದು ರಂಧ್ರ ಕೊರೆಯಲು ನೋಡುತ್ತದೆ. ಡ್ರಿಲ್ ಕೈಗೆ ಕೊಡುವ ಮೊದಲು ಆ ಪುಸ್ತಕ ತೋರಿಸಿ ಸಹಿ ಪಡೆಯುವ ಹೊಣೆ ವೇದಿಕೆಯ ವ್ಯವಸ್ಥಾಪಕರದೆಂದು ಬಾಡಿಗೆ ಕರಾರಿನಲ್ಲೇ ಸೇರಿಸಬೇಕಾಗುತ್ತದೆ.